24 ಕೊಡಬೇಕಾದ ಕಾರು 10 ಕೊಟ್ಟಿದ್ದೇಕೆ? ಎಸಿ ಮತ್ತು ಪೆಟ್ರೋಲಿನ ಒಂದು ಲೆಕ್ಕ

ಇದು ನಮ್ಮ ಭಾವನ ಕಾರಿನ ಕಥೆ. ಒಂದು ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಹ್ಯಾಚ್‌ಬ್ಯಾಕ್. ಮೂರು ಸಿಲಿಂಡರ್, ಐದು ಗೇರು, ನಾಬ್ ತಿರುಗಿಸುವ ಮಾಮೂಲಿ ಎಸಿ. ತೂಕ 850 ಕಿಲೋ ಆಸುಪಾಸು. ಕೊಳ್ಳುವಾಗ ಹೇಳಿದ್ದ ಮೈಲೇಜ್ ಲೀಟರ್‌ಗೆ 24 ಕಿ.ಮೀ. ಬೆಂಗಳೂರಿನಲ್ಲಿ ಅಷ್ಟು ಸಿಗೋದಿಲ್ಲ ಅಂತ ಭಾವನಿಗೂ ಗೊತ್ತಿತ್ತು. ಹದಿನಾರೋ ಹದಿನೇಳೋ ಬಂದರೆ ಸಾಕು ಅಂದುಕೊಂಡಿದ್ದರು. ಬೇಸಿಗೆ ಶುರುವಾದ ಮೇಲೆ ಬಂಕ್ ಬಿಲ್ಲು ಹಿಡಿದು ಲೆಕ್ಕ ಹಾಕಿದರೆ 10 ಬರುತ್ತಿತ್ತು.

ಕಾರನ್ನು ಇಬ್ಬರು ಓಡಿಸುತ್ತಾರೆ. ಭಾವ ವಾರಕ್ಕೆ 3 ದಿನ ಬನಶಂಕರಿಯಿಂದ ಮಾರತ್‌ಹಳ್ಳಿ ಕಡೆಯ ಆಫೀಸಿಗೆ ಹೋಗುತ್ತಾರೆ. ಸಿಲ್ಕ್ ಬೋರ್ಡ್ ದಾಟಿ, ಹೊರವರ್ತುಲ ರಸ್ತೆ ಹಿಡಿದು, ಒಂದು ಕಡೆಗೆ ಸುಮಾರು 20 ಕಿ.ಮೀ. ಬೆಳಗ್ಗೆಯೂ ಸಂಜೆಯೂ ಒಂದೂಕಾಲು ಗಂಟೆ ಹಿಡಿಯುತ್ತದೆ. ಉಳಿದ 3 ದಿನ ಮಧ್ಯಾಹ್ನ ಅಕ್ಕ ಮಗನನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗುತ್ತಾಳೆ. ಅದು ಮನೆಯಿಂದ 4 ಕಿ.ಮೀ. ಅಷ್ಟೇ. ಇನ್ನು ಆಗಾಗ ದಾವಣಗೆರೆಗೆ, ಭಾವನ ಊರಿಗೆ ಒಂದು ಸವಾರಿ.

"ಏನಪ್ಪಾ, ಇದಕ್ಕಿಂತ ನಮ್ಮಪ್ಪನ ಹಳೇ ಜೀಪೇ ವಾಸಿ ಇತ್ತಲ್ಲೋ" ಅಂತ ಫೋನ್ ಮಾಡಿದ್ದರು. ಅವರ ಅನುಮಾನ ಮೂರು ಕಡೆ ಇತ್ತು. ಬಂಕ್‌ನವರು ಮೋಸ ಮಾಡುತ್ತಿರಬಹುದು, ಎಂಜಿನ್ ಕೆಟ್ಟಿರಬಹುದು, ಇಲ್ಲ ಎಸಿ ಗ್ಯಾಸ್ ಮುಗಿದಿರಬಹುದು. ಮೂರನೆಯದಕ್ಕೆ ಆಗಲೇ ದುಡ್ಡು ಖರ್ಚು ಮಾಡಿಯೂ ಆಗಿತ್ತು.

ಮೊದಲು ಆ 24ರ ವಿಷಯ ಮುಗಿಸೋಣ. ಅದು ಸುಳ್ಳು ಸಂಖ್ಯೆಯೇನಲ್ಲ, ಆದರೆ ನಮ್ಮ ರಸ್ತೆಯ ಸಂಖ್ಯೆಯೂ ಅಲ್ಲ. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಒಂದು ನಿಗದಿತ ವೇಗದ ಪಟ್ಟಿಯಂತೆ ಓಡಿಸಿ ಅಳೆಯುತ್ತಾರೆ. ಎಂಐಡಿಸಿ ಅಂತ ಅದಕ್ಕೆ ಹೆಸರು. ಯುರೋಪಿನ ಹಳೆಯ ಪರೀಕ್ಷೆಯನ್ನೇ ನಮ್ಮ ರಸ್ತೆಗೆ ಹೊಂದಿಸಿಕೊಂಡಿದ್ದು. ಒಟ್ಟು 1,180 ಸೆಕೆಂಡು, ಅಂದರೆ 20 ನಿಮಿಷಕ್ಕೂ ಕಮ್ಮಿ. ಗರಿಷ್ಠ ವೇಗ 90 ಕಿ.ಮೀ. ಸರಾಸರಿ ವೇಗ ಗಂಟೆಗೆ 30ರ ಮೇಲೆ. ಎಸಿ ಆಫ್! ಸಿಲ್ಕ್ ಬೋರ್ಡ್ ದಾರಿಯಲ್ಲಿ ಭಾವನ ಸರಾಸರಿ ವೇಗ ಗಂಟೆಗೆ 16 ಕಿ.ಮೀ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋದರಲ್ಲೇ ಅರ್ಥವಿಲ್ಲ. ಅಮೆರಿಕದಲ್ಲಿ 2008ರ ಮಾಡೆಲ್‌ಗಳಿಂದ ಬೇರೆ ಪದ್ಧತಿ ಬಂತು. ಅಲ್ಲಿ ಕಾರಿಗೆ ಅಂಟಿಸುವ ಮೈಲೇಜ್ ಚೀಟಿಯ ಹಿಂದೆ 5 ಪರೀಕ್ಷೆಗಳಿವೆ. ಅದರಲ್ಲಿ ಒಂದಕ್ಕೆ ಕೋಣೆಯನ್ನು 35 ಡಿಗ್ರಿಗೆ ಕಾಯಿಸಿ, ಬಿಸಿಲಿನಂಥ ದೀಪ ಹಾಕಿ, ಎಸಿ ಓಡಿಸಿಯೇ ಅಳೆಯುತ್ತಾರೆ. ನಮ್ಮ ಚೀಟಿಯಲ್ಲಿ ಎಸಿಗೆ ಜಾಗವೇ ಇರಲಿಲ್ಲ. ಎಸಿ ಇಲ್ಲದೆ ನಮ್ಮ ಟ್ರಾಫಿಕ್‌ನಲ್ಲಿ ಈ ಕಾರು ಕೊಡೋದು 15, ಅದನ್ನು ಅಳೆದ ಕಥೆ ಮುಂದಿದೆ. ಹಾಗಾಗಿ ಭಾವನ ದೂರಿನಲ್ಲಿ 24ಕ್ಕೂ 15ಕ್ಕೂ ಇರುವ ಅಂತರವನ್ನು ನಾನು ಬಿಟ್ಟುಬಿಟ್ಟೆ. ಕೇಳಬೇಕಾದ ಪ್ರಶ್ನೆ 15ರಿಂದ 10ಕ್ಕೆ ಯಾಕೆ ಇಳಿಯಿತು ಅನ್ನೋದು.

ಗ್ಯಾಸ್ ತುಂಬಿಸಿದ ಕಥೆ

ರಸ್ತೆ ಬದಿಯ ಒಂದು ಎಸಿ ಅಂಗಡಿಯವರು ಬಾನೆಟ್ ಎತ್ತಿ, ಪೈಪು ಮುಟ್ಟಿ ನೋಡಿ, "ಗ್ಯಾಸ್ ಕಮ್ಮಿ ಸಾರ್, ವರ್ಷಕ್ಕೊಮ್ಮೆ ತುಂಬಿಸ್ಬೇಕು" ಅಂದಿದ್ದರು. ಭಾವ ತುಂಬಿಸಿಕೊಂಡು ಬಂದರು. ಮೈಲೇಜ್ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

ಎಸಿ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಾ ಇರುತ್ತದೆ. ಎಂಜಿನ್ ತಿರುಗಿಸುವ ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರ್ ಮುಂದಿರುವ ಕಂಡೆನ್ಸರ್ ಅದರ ಬಿಸಿಯನ್ನು ಹೊರಗೆ ಬಿಡುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದು ಹಿಗ್ಗಿ ತಣ್ಣಗಾಗುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಳಲ್ಲಿ ಸ್ವಲ್ಪ ಸೋರುವುದು ನಿಜ. ಆದರೆ ಪ್ರತಿ ವರ್ಷ ತುಂಬಿಸಬೇಕಾಗಿ ಬಂದರೆ ಎಲ್ಲೋ ತೂತಿದೆ ಅಂತ ಅರ್ಥ. ಮೊದಲು ಆ ತೂತು ಹುಡುಕಬೇಕು. ಇಂಥ ಸಣ್ಣ ಕಾರಿನಲ್ಲಿ ಹಿಡಿಯುವುದೇ 400 ಗ್ರಾಂ ಆಸುಪಾಸು. ಎಷ್ಟು ಅನ್ನೋದನ್ನು ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಬರೆದಿರುತ್ತಾರೆ. ಹಳೆಯದನ್ನು ಪೂರ್ತಿ ಎಳೆದು, ತೂಕ ಮಾಡಿ ತುಂಬಬೇಕು. ಅಂದಾಜಿಗೆ ಜಾಸ್ತಿ ತುಂಬಿದರೆ ಒತ್ತಡ ಏರಿ ಕಂಪ್ರೆಸರ್ ಮೇಲೆ ಭಾರ ಹೆಚ್ಚುತ್ತದೆ, ಪೆಟ್ರೋಲೂ ಜಾಸ್ತಿ ಹೋಗುತ್ತದೆ. ಭಾವನ ಕಾರನ್ನು ಆಮೇಲೆ ಮಷೀನ್ ಇರುವ ಕಡೆ ತೂಕಕ್ಕೆ ಹಾಕಿಸಿ ನೋಡಿದೆವು. ತುಂಬಿದ್ದು ಸ್ವಲ್ಪ ಜಾಸ್ತಿಯೇ ಇತ್ತು, ಆದರೆ 10 ಕಿ.ಮೀ.ಗೆ ಇಳಿಸುವಷ್ಟಲ್ಲ. ಅದನ್ನು ಸರಿ ಮಾಡಿಸಿ ಮುಂದಕ್ಕೆ ಹೋದೆವು.

ಅಳತೆ

ಮೀಟರ್ ಬೋರ್ಡಿನ ಡಿಸ್‌ಪ್ಲೇ ತೋರಿಸುವ ಮೈಲೇಜನ್ನು ಸುಮ್ನೆ ನಂಬಬಾರದು. ಭಾವನ ಕಾರಿನಲ್ಲಿ ಅದು ಯಾವಾಗಲೂ ನಿಜಕ್ಕಿಂತ ಒಂದು ಕಿಲೋಮೀಟರಿನಷ್ಟು ಹೆಚ್ಚೇ ತೋರಿಸುತ್ತಿತ್ತು. ಹಳೆಯ ದಾರಿಯೇ ಒಳ್ಳೆಯದು. ಒಂದೇ ಬಂಕು, ಒಂದೇ ಪಂಪು, ನಾಜಲ್ ತಾನಾಗಿ ಕಟ್ ಆಗುವವರೆಗೆ ಫುಲ್ ಟ್ಯಾಂಕ್. "ಇನ್ನೂ ಸ್ವಲ್ಪ ಹಾಕಿ, ರೌಂಡ್ ಮಾಡಿ" ಅನ್ನಬಾರದು, ಅಲ್ಲಿಗೇ ಬಿಡಬೇಕು. ಮುಂದಿನ ಸಲ ಮತ್ತೆ ಅಲ್ಲೇ, ಹಾಗೇ. ನಡುವೆ ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು. ಟೈರ್ ಗಾಳಿಯನ್ನು ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದಷ್ಟಕ್ಕೇ ಇಟ್ಟೆವು.

ಇದರ ಜೊತೆಗೆ ಒಂದು ಒಬಿಡಿ ರೀಡರ್ ತಂದೆವು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿದರೆ ಬ್ಲೂಟೂತ್‌ನಲ್ಲಿ ಎಂಜಿನ್ನಿನ ಅಂಕಿಗಳನ್ನು ಫೋನಿಗೆ ಕಳಿಸುವ ಪುಟ್ಟ ಡಬ್ಬಿ. ಅದು ಹೇಳುವ ಪೆಟ್ರೋಲಿನ ಹರಿವು ಅಂದಾಜಿನದ್ದು. ಆದರೆ ಎಸಿ ಹಾಕಿದಾಗ ಎಷ್ಟು, ತೆಗೆದಾಗ ಎಷ್ಟು ಅನ್ನೋ ವ್ಯತ್ಯಾಸ ನೋಡೋಕೆ ಧಾರಾಳ ಸಾಕು.

ಮೊದಲು ಬರೀ ಆಫೀಸ್ ಓಡಾಟ ಅಳೆದೆವು. ಒಂದು ಟ್ಯಾಂಕ್ ಪೂರ್ತಿ ಎಸಿ ಇಲ್ಲದೆ, ಕಿಟಕಿ ಇಳಿಸಿಕೊಂಡು. ಏಪ್ರಿಲ್‌ನಲ್ಲಿ ಹೊರವರ್ತುಲ ರಸ್ತೆಯ ಹೊಗೆ ಕುಡಿದ ಭಾವ ನನಗೆ ಎಷ್ಟು ಬೈದಿದ್ದಾರೋ ಲೆಕ್ಕವಿಲ್ಲ. ಮೈಲೇಜ್ ಬಂದಿದ್ದು 15. ಆಮೇಲಿನ ಟ್ಯಾಂಕ್ ಎಸಿ ಹಾಕಿ. ಬಂದಿದ್ದು 12.

ಅಂದರೆ ಎಸಿ ಐದರಲ್ಲಿ ಒಂದು ಪಾಲು ಮೈಲೇಜ್ ತಿನ್ನುತ್ತಿತ್ತು. ಇದೇನು ವಿಚಿತ್ರವಲ್ಲ. ತುಂಬಾ ಸೆಕೆಯಲ್ಲಿ, ಅದರಲ್ಲೂ ಚಿಕ್ಕ ಓಡಾಟಗಳಲ್ಲಿ, ಎಸಿಯಿಂದ ಮೈಲೇಜ್ ಶೇಕಡಾ 25ಕ್ಕಿಂತ ಜಾಸ್ತಿ ಇಳಿಯಬಹುದು ಅಂತ ಅಮೆರಿಕದ ಇಂಧನ ಇಲಾಖೆಯೇ ಜನರಿಗೆ ಹೇಳುತ್ತದೆ. ಕಾರಿನಲ್ಲಿ ದೋಷವಿಲ್ಲ ಅನ್ನೋದು ಇಲ್ಲಿಗೇ ಗೊತ್ತಾಯಿತು. ಆದರೆ ಲೆಕ್ಕ ಮಾತ್ರ ಕೂಡಲಿಲ್ಲ. ಆಫೀಸ್ ಓಡಾಟವೇ 12 ಕೊಟ್ಟರೆ ಒಟ್ಟು ತಿಂಗಳಿನದ್ದು 10 ಹೇಗಾಯಿತು?

ದಾವಣಗೆರೆ ಕೊಟ್ಟ ಸುಳಿವು

ನಡುವೆ ಊರಿಗೆ ಹೋಗಿ ಬಂದರು. ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗ ದಾಟಿ 260 ಕಿ.ಮೀ. ಚಿಲ್ಲರೆ. ಹಿರಿಯೂರಿನ ಆಚೆಗಿನ ಬಿಸಿಲು ಗೊತ್ತಿದ್ದವರಿಗೆ ಗೊತ್ತು. ಊಟಕ್ಕೆ ನಿಂತಿದ್ದು ಬಿಟ್ಟರೆ ದಾರಿಯುದ್ದಕ್ಕೂ ಎಸಿ. ಎಂಬತ್ತರ ಆಚೀಚೆ ವೇಗ, ಟೋಲು, ಊರು ಎಲ್ಲ ಸೇರಿ ಸರಾಸರಿ ಗಂಟೆಗೆ 60. ಮೈಲೇಜ್ 20 ಸಿಕ್ಕಿತು. ಭಾವನಿಗೆ ಇನ್ನೂ ಗೊಂದಲ. "ಅಷ್ಟು ಬಿಸಿಲಲ್ಲಿ ಎಸಿ ಹಾಕ್ಕೊಂಡು ಹೋದ್ರೂ 20 ಬಂತಲ್ಲ, ಹಂಗಾದ್ರೆ ಎಸಿ ತಪ್ಪಿಲ್ಲ ಬಿಡು" ಅಂದರು. ವಾಪಸ್ ಬರುವಾಗ ಬೆಳಗಿನ ಜಾವ ಹೊರಟು, ಎಸಿ ಹಾಕದೆ ಬಂದರು. 22 ಸಿಕ್ಕಿತು.

ಎಸಿ ಕುಡಿಯೋದು ಗಂಟೆ ಲೆಕ್ಕದಲ್ಲಿ. ಕಿಲೋಮೀಟರ್ ಲೆಕ್ಕದಲ್ಲಿ ಅಲ್ಲ. ಆಟೋ ಸಿಗ್ನಲ್‌ನಲ್ಲಿ ನಿಂತಾಗಲೂ ಮೀಟರ್‌ನಲ್ಲಿ ವೇಟಿಂಗ್ ಚಾರ್ಜ್ ಏರುತ್ತಾ ಇರುತ್ತದಲ್ಲ, ಹಾಗೆ. ಚಕ್ರ ಉರುಳಿದರೂ ನಿಂತರೂ ಒಳಗಿನ ಸೆಕೆ ಅದೇ, ಅದನ್ನು ಹೊರಗೆ ತಳ್ಳುವ ಕೆಲಸವೂ ಹೆಚ್ಚು ಕಡಿಮೆ ಅದೇ.

ಅಂಕಿ ಹಾಕಿ ನೋಡೋಣ. ಆಫೀಸಿಗೆ 20 ಕಿ.ಮೀ. ಎಸಿ ಇಲ್ಲದೆ 15ರ ಮೈಲೇಜಿನಲ್ಲಿ 1.33 ಲೀಟರ್ ಬೇಕು. ಎಸಿ ಹಾಕಿ 12ರಲ್ಲಿ 1.67 ಲೀಟರ್. ವ್ಯತ್ಯಾಸ ಒಂದು ಲೀಟರಿನ ಮೂರನೇ ಒಂದು ಭಾಗ. ಅದು ಒಂದೂಕಾಲು ಗಂಟೆಯಲ್ಲಿ ಖರ್ಚಾಗಿದ್ದು. ಹಾಗಾದರೆ ಗಂಟೆಗೆ 0.27 ಲೀಟರ್. ಈಗ ದಾವಣಗೆರೆ. 260 ಕಿ.ಮೀ.ಗೆ 22ರಂತೆ 11.8 ಲೀಟರ್, 20ರಂತೆ 13 ಲೀಟರ್. ವ್ಯತ್ಯಾಸ 1.2 ಲೀಟರ್, ನಾಲ್ಕೂಕಾಲು ಗಂಟೆ ದಾರಿ. ಗಂಟೆಗೆ 0.28 ಲೀಟರ್! ಹೋಗುವಾಗ ಬರುವಾಗಿನ ಗಾಳಿ, ಏರು-ಇಳಿವು ಬೇರೆ ಬೇರೆ ಇರುತ್ತವೆ, ಅದಕ್ಕೇ ಎರಡನೇ ದಶಾಂಶ ನೋಡಿ ಯಾರೂ ಕುಣಿಯಬೇಕಾಗಿಲ್ಲ. ಆದರೂ ಒಂದೇ ಎಸಿ, ಎರಡು ದಾರಿ, ಗಂಟೆಯ ಖರ್ಚು ಒಂದೇ ಕಡೆ ಬಂದು ನಿಂತಿತು.

ಇದನ್ನೇ 100 ಕಿ.ಮೀ.ಗೆ ಹಂಚಿ ನೋಡಿದರೆ ಚಿತ್ರ ಪೂರ್ತಿ ಬೇರೆ. ಬೆಂಗಳೂರಿನಲ್ಲಿ 100 ಕಿ.ಮೀ. ದಾಟೋಕೆ ಆರು ಗಂಟೆ ಬೇಕು, ಎಸಿಗೆ 1.7 ಲೀಟರ್. ಹೈವೇಯಲ್ಲಿ ಒಂದೂ ಮುಕ್ಕಾಲು ಗಂಟೆಗೆ ಮುಗಿಯುತ್ತದೆ, ಎಸಿಗೆ ಅರ್ಧ ಲೀಟರಿಗಿಂತ ಕಮ್ಮಿ. ಲೀಟರಿಗೆ ಸುಲಭಕ್ಕೆ 100 ರೂಪಾಯಿ ಇಟ್ಟುಕೊಂಡರೆ ಗಂಟೆಗೆ 30 ರೂಪಾಯಿಯೊಳಗೆ ಎಸಿಯ ಖರ್ಚು.

ಈ 0.27 ಅನ್ನೋದು ಎಂಜಿನ್ ಲೆಕ್ಕಕ್ಕೂ ಹೊಂದುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ 32-33 ಮೆಗಾಜೌಲ್ ಶಕ್ತಿ ಇರುತ್ತದೆ. ಆಗಲೇ ಓಡುತ್ತಿರುವ ಎಂಜಿನ್ ಮೇಲೆ ಇನ್ನೊಂದಿಷ್ಟು ಭಾರ ಹೇರಿದಾಗ, ಆ ಹೆಚ್ಚುವರಿ ಪೆಟ್ರೋಲಿನ ಮೂರನೇ ಒಂದು ಭಾಗ ಕೆಲಸಕ್ಕೆ ಬರುತ್ತದೆ ಅಂತ ಹಿಡಿದರೆ, ಕಂಪ್ರೆಸರ್ ಸರಾಸರಿ ಒಂದು ಕಿಲೋವ್ಯಾಟಿಗಿಂತ ಸ್ವಲ್ಪ ಕಮ್ಮಿ ಎಳೆಯುತ್ತಿದೆ ಎಂದಾಯಿತು. ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿ ಎಸಿ ಹಾಕಿದ ಮೊದಲ ಹತ್ತು ನಿಮಿಷ ಅದು ಎರಡು ಕಿಲೋವ್ಯಾಟ್ ದಾಟಬಹುದು. ತಣ್ಣಗಾದ ಮೇಲೆ ಕಂಪ್ರೆಸರ್ ಕ್ಲಚ್ ಬಿಟ್ಟು ಬಿಟ್ಟು ಹಿಡಿಯುತ್ತದೆ. ಆ "ಟಕ್" ಸದ್ದು ಸಣ್ಣ ಕಾರಿನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.

ಸಣ್ಣ ಕಾರಿಗೇ ಯಾಕೆ ಜಾಸ್ತಿ ಹೊಡೆತ

ಕಾರು ಸಣ್ಣದಾದ ಮಾತ್ರಕ್ಕೆ ಬಿಸಿಲು ಸಣ್ಣದಾಗಲ್ಲ. ನೆತ್ತಿಯ ಮೇಲಿನ ಬಿಸಿಲು ಚದರ ಮೀಟರಿಗೆ ಒಂದು ಕಿಲೋವ್ಯಾಟ್ ಸುರಿಯುತ್ತದೆ. ಮುಂದಿನ ಗಾಜು ದೊಡ್ಡ ಕಾರಿನಲ್ಲೂ ಸಣ್ಣ ಕಾರಿನಲ್ಲೂ ಅಳತೆಯಲ್ಲಿ ಅಂಥ ವ್ಯತ್ಯಾಸವಿರಲ್ಲ. ಒಳಗೆ ಕೂತ ಒಬ್ಬೊಬ್ಬರ ಮೈಯಿಂದಲೂ 100 ವ್ಯಾಟ್ ಆಸುಪಾಸು ಬಿಸಿ ಬರುತ್ತದೆ, ನಾಲ್ಕು ಜನ ಅಂದರೆ 400. ಹಾಗಾಗಿ ಎಸಿ ಮಾಡಬೇಕಾದ ಕೆಲಸ ದೊಡ್ಡ ಎಸ್‌ಯುವಿಯ ಅರ್ಧಕ್ಕೇನೂ ಇಳಿಯಲ್ಲ. ಆದರೆ ಕಾರನ್ನು ಎಳೆಯುವ ಕೆಲಸ ತುಂಬಾ ಕಮ್ಮಿ. ಇಂಥ ಕಾರು ಸಮತಟ್ಟು ರಸ್ತೆಯಲ್ಲಿ ಒಂದೇ ಸಮ 40ರಲ್ಲಿ ಓಡಲು ಚಕ್ರಕ್ಕೆ ಬೇಕಾಗೋದು ಎರಡು ಕಿಲೋವ್ಯಾಟ್ ಅಷ್ಟೇ. ಎಸಿ ಅದರ ಅರ್ಧದಷ್ಟು ಕೇಳುತ್ತದೆ. 80ರಲ್ಲಿ ಓಡೋಕೆ ಏಳು ಕಿಲೋವ್ಯಾಟ್ ಬೇಕು, ಅಲ್ಲಿ ಎಸಿಯ ಪಾಲು ಏಳರಲ್ಲೊಂದು. ಗಾಳಿಯ ತಡೆ ವೇಗದ ಜೊತೆ ಬಹಳ ಜೋರಾಗಿ ಏರುತ್ತದೆ, ಎಸಿ ಏರಲ್ಲ. ಹೈವೇಯಲ್ಲಿ ಎಸಿಯ ಪಾಲು ಕಾಣೆಯಾಗೋದು ಹೀಗೆ.

ಇದರ ಜೊತೆಗೆ ಹಳೆಯ ನೆನಪೊಂದು ನಮ್ಮವರ ತಲೆಯಲ್ಲಿ ಕೂತಿದೆ. 1983ರ ಡಿಸೆಂಬರ್‌ನಲ್ಲಿ ಬಂದ ಮಾರುತಿ 800ಕ್ಕೆ ಇದ್ದಿದ್ದು 796 ಸಿಸಿ, ಸುಮಾರು 40 ಅಶ್ವಶಕ್ತಿ. ಅದರಲ್ಲಿ ಶಿರಾಡಿ ಘಾಟಿ ಹತ್ತುವಾಗ ಎಸಿ ಆಫ್ ಮಾಡದಿದ್ದರೆ ಹಿಂದಿನ ಲಾರಿಯವನೇ ಹಾರ್ನ್ ಹೊಡೆಯುತ್ತಿದ್ದ. ಈಗಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಕಂಪ್ಯೂಟರೇ ಕೆಲವು ಸೆಕೆಂಡು ಕಂಪ್ರೆಸರ್ ಕಟ್ ಮಾಡುತ್ತದೆ. ಆದರೂ ಘಾಟಿ ಕಂಡ ಕೂಡಲೇ ಎಷ್ಟೋ ಜನರ ಕೈ ತಾನಾಗಿ ಎಸಿ ಬಟನ್ ಕಡೆ ಹೋಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಕಾರು ಸ್ವಲ್ಪ ಲವಲವಿಕೆಯಿಂದ ಹತ್ತುತ್ತದೆ. ಉಳಿಯುವ ಪೆಟ್ರೋಲ್ ಮಾತ್ರ ಒಂದು ಕಪ್ ಕಾಫಿಗೂ ಸಾಲಲ್ಲ.

ಕಾಣೆಯಾದ 2 ಲೀಟರ್

ಗಂಟೆ ಲೆಕ್ಕ ಕೈಗೆ ಸಿಕ್ಕ ಮೇಲೆ ಪ್ರಶ್ನೆ ಸುಲಭವಾಯಿತು. ಎಸಿ ಓಡುತ್ತಿದ್ದು, ಕಿಲೋಮೀಟರ್ ಓಡದ ಗಂಟೆಗಳು ಯಾವುವು?

ಈಜು ಕ್ಲಾಸು. ಮಗ ನೀರಿಗಿಳಿದ ಮೇಲೆ ಮುಕ್ಕಾಲು ಗಂಟೆ ಅಕ್ಕ ಕಾರಿನಲ್ಲೇ ಕೂತು ಆಫೀಸಿನ ಮೇಲ್ ನೋಡುತ್ತಿದ್ದಳು. ಮಧ್ಯಾಹ್ನ 3ರ ಬಿಸಿಲು, ನೆರಳಿಲ್ಲದ ರಸ್ತೆ, ಎಂಜಿನ್ ಚಾಲೂ, ಎಸಿ ಚಾಲೂ. "ಕಾರು ನಿಂತೇ ಇತ್ತಲ್ಲ, ಅದರಲ್ಲಿ ಎಷ್ಟು ಮಹಾ ಹೋಗುತ್ತೆ?" ಅಂತ ಅವಳ ವಾದ. ಎಲ್ಲರೂ ಹಾಗೇ ಅಂದುಕೊಳ್ಳುತ್ತೇವೆ. ನಿಂತ ಕಾರಿನಲ್ಲಿ ಮೈಲೇಜ್ ಸೊನ್ನೆ. ಸೊನ್ನೆ ಕಿ.ಮೀ.ಗೆ ಎಷ್ಟು ಹೋಯಿತು ಅನ್ನೋದನ್ನು ಯಾವ ಡಿಸ್‌ಪ್ಲೇಯೂ ಎತ್ತಿ ತೋರಿಸಲ್ಲ.

ಒಬಿಡಿ ರೀಡರ್ ಸಿಕ್ಕಿಸಿ ನೋಡಿದೆವು. ಎಂಜಿನ್ ಬಿಸಿಯಾದ ಮೇಲೆ ಎಸಿ ಇಲ್ಲದೆ ನಿಂತರೆ ಗಂಟೆಗೆ 0.6 ಲೀಟರ್. ಎಸಿ ಹಾಕಿದರೆ 0.9. ಎಸಿ ಹಾಕಿದ ಕೂಡಲೇ ಎಂಜಿನ್ ಆಫ್ ಆಗದಿರಲಿ ಅಂತ ಕಂಪ್ಯೂಟರ್ ಆರ್‌ಪಿಎಂ, ಅಂದರೆ ಎಂಜಿನ್ ತಿರುಗುವ ವೇಗ, ಏರಿಸುತ್ತದೆ. ಕಂಪ್ರೆಸರ್ ಭಾರದ ಜೊತೆಗೆ ಎಂಜಿನ್ನಿನ ಒಳಗಿನ ತಿಕ್ಕಾಟವೂ ಜಾಸ್ತಿಯಾಗುತ್ತದೆ. ಮೇಲಾಗಿ ನಿಂತ ಕಾರಿಗೆ ಮುಂದಿನಿಂದ ಗಾಳಿ ಹೊಡೆಯಲ್ಲ. ಕಂಡೆನ್ಸರ್ ತಣ್ಣಗಾಗೋಕೆ ಫ್ಯಾನೊಂದೇ ಗತಿ. ಕೆಳಗಿನ ಡಾಂಬರಿನ ಬಿಸಿಗಾಳಿಯನ್ನೇ ಅದು ಎಳೆದುಕೊಳ್ಳುತ್ತದೆ. ಪೈಪಿನ ಒತ್ತಡ ಏರಿ ಕಂಪ್ರೆಸರ್ ಕೆಲಸ ಇನ್ನಷ್ಟು ಕಷ್ಟ. ನಿಂತಾಗ ತಂಪು ಕಮ್ಮಿ, ಓಡುವಾಗ ಜಾಸ್ತಿ ಅಂತ ಸಣ್ಣ ಕಾರಿನವರು ಹೇಳೋದು ಇದಕ್ಕೇ.

ಈಗ ವಾರದ ಲೆಕ್ಕ. ಆಫೀಸು 120 ಕಿ.ಮೀ., 12ರಂತೆ 10 ಲೀಟರ್. ಈಜು ಕ್ಲಾಸಿನ ಓಡಾಟ 24 ಕಿ.ಮೀ. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ, ಕಾದ ಕಾರನ್ನು ತಣಿಸುವುದರಲ್ಲೇ ಕಳೆಯುವ ಚಿಕ್ಕ ಓಡಾಟ ಅದು, 10ರ ಮೈಲೇಜ್ ಅಂದರೂ 2.4 ಲೀಟರ್. ಕಾಯುತ್ತಾ ಕೂತದ್ದು ವಾರಕ್ಕೆ ಎರಡೂಕಾಲು ಗಂಟೆ, 2 ಲೀಟರ್. ಒಟ್ಟು 144 ಕಿ.ಮೀ.ಗೆ 14.4 ಲೀಟರ್. ಸರಿಯಾಗಿ 10!

ಬಂಕ್‌ನವರ ಮೇಲಿದ್ದ ಅನುಮಾನ ಅಲ್ಲಿಗೆ ತೀರಿತು. ಅಕ್ಕನ ಮೇಲೆ ಭಾವನ ದೃಷ್ಟಿ ತಿರುಗಿತು. ಅದು ಅನ್ಯಾಯ ಅಂತ ನಾನೇ ಹೇಳಬೇಕಾಯಿತು. ಕಾಯುವಾಗ ಹೋದ 2 ಲೀಟರ್ ಬಿಟ್ಟರೂ ವಾರದ ಮೈಲೇಜ್ 11.6 ಆಗುತ್ತಿತ್ತು. ಆಫೀಸ್ ದಾರಿಯಲ್ಲಿ ಭಾವನ ಎಸಿ ಕುಡಿಯುತ್ತಿದ್ದದ್ದೂ ವಾರಕ್ಕೆ ಅಷ್ಟೇ, 2 ಲೀಟರ್. ಅದು ಉರುಳುತ್ತಿದ್ದ ಚಕ್ರಗಳ ನಡುವೆ ಮುಚ್ಚಿಹೋಗಿತ್ತು ಅಷ್ಟೇ.

ಈ ಕಾರಿನಲ್ಲಿ ಸಿಗ್ನಲ್‌ನಲ್ಲಿ ತಾನಾಗಿ ಎಂಜಿನ್ ಆಫ್ ಆಗುವ ಸೌಲಭ್ಯವಿದೆ. ಪರೀಕ್ಷೆಯ ರೋಲರ್ ಮೇಲೆ ಅದು ಚೆನ್ನಾಗಿ ಪೆಟ್ರೋಲ್ ಉಳಿಸುತ್ತದೆ, ಅಲ್ಲಿ ಎಸಿ ಇರಲ್ಲವಲ್ಲ. ಬೇಸಿಗೆಯಲ್ಲಿ ಎಸಿ ಹಾಕಿಕೊಂಡು ನಿಂತರೆ ಎಂಜಿನ್ ಹೆಚ್ಚಾಗಿ ಆಫ್ ಆಗೋದೇ ಇಲ್ಲ, ಒಂದು ವೇಳೆ ಆಫ್ ಆದರೂ ಸ್ವಲ್ಪ ಹೊತ್ತಿಗೇ ಮತ್ತೆ ಶುರುವಾಗುತ್ತದೆ. ಕಂಪ್ರೆಸರ್ ತಿರುಗಬೇಕಾದರೆ ಎಂಜಿನ್ ತಿರುಗಲೇಬೇಕು.

ಏನು ಬದಲಾಯಿಸಿದೆವು

ಕಾಯುವಾಗ ಎಂಜಿನ್ ಆಫ್. ಅಕ್ಕ ಈಗ ಈಜುಕೊಳದ ಒಳಗೆ, ಫ್ಯಾನ್ ಕೆಳಗಿನ ಬೆಂಚಿನ ಮೇಲೆ ಕೂರುತ್ತಾಳೆ. ಕ್ಲೋರಿನ್ ವಾಸನೆ ಅಂತ ಗೊಣಗಾಟ ಇದ್ದೇ ಇದೆ.

ಟೆಂಪರೇಚರ್ ನಾಬ್ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಭಾವ ಪೆಟ್ರೋಲ್ ಉಳಿಸೋಕೆ ಅಂತ ನಾಬನ್ನು ನೀಲಿಯಿಂದ ನಡುವಿಗೆ ತಿರುಗಿಸಿ, ಫ್ಯಾನ್ ಮೂರರಲ್ಲಿ ಇಡುತ್ತಿದ್ದರು. ಮನೆಯ ಎಸಿಯಲ್ಲಿ 24ರ ಬದಲು 26 ಇಟ್ಟ ಹಾಗೆ ಅಂತ ಅವರ ಎಣಿಕೆ. ಮಾಮೂಲಿ ಎಸಿಯ ಕಾರಿನಲ್ಲಿ ಹಾಗಾಗಲ್ಲ. ಅಲ್ಲಿ ಕೂಲಿಂಗ್ ಕಾಯಿಲ್ ಮಂಜುಗಟ್ಟುವ ಹತ್ತಿರದವರೆಗೂ ತಣ್ಣಗಾದ ಮೇಲೇ ಕಂಪ್ರೆಸರ್ ಕಟ್ ಆಗುತ್ತದೆ, ನಾಬ್ ಎಲ್ಲೇ ಇರಲಿ. ನಾಬ್ ನಡುವಿಗೆ ಬಂದರೆ ಆ ತಣ್ಣನೆ ಗಾಳಿಗೆ ಹೀಟರಿನ ಬಿಸಿಗಾಳಿ ಬೆರೆಯುತ್ತದೆ ಅಷ್ಟೇ. ದುಡ್ಡು ಕೊಟ್ಟು ತಣಿಸಿ, ಮತ್ತೆ ಬಿಸಿ ಮಾಡಿದಂತೆ! ಬದಲಿಗೆ ನಾಬ್ ಪೂರ್ತಿ ನೀಲಿಗೆ ಇಟ್ಟು ಫ್ಯಾನ್ ಒಂದಕ್ಕೋ ಎರಡಕ್ಕೋ ಇಳಿಸಬೇಕು. ಕಾಯಿಲ್ ಮೇಲೆ ಹಾಯುವ ಗಾಳಿ ಕಮ್ಮಿಯಾದರೆ ಅದು ಬೇಗ ತಣ್ಣಗಾಗುತ್ತದೆ, ಕಂಪ್ರೆಸರ್ ಬೇಗ ಬಿಡುತ್ತದೆ. ಡಿಗ್ರಿ ತೋರಿಸುವ ಆಟೋಮ್ಯಾಟಿಕ್ ಎಸಿಗಳಲ್ಲಿ, ಬೇಕಾದಷ್ಟೇ ಒತ್ತುವ ಕಂಪ್ರೆಸರ್ ಇರುವ ಕಾರುಗಳಲ್ಲಿ ಲೆಕ್ಕ ಬೇರೆ.

ಇನ್ನೊಂದು, ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್. ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರುತ್ತದಲ್ಲ, ಅದು. ಅದು ಆಫ್ ಇದ್ದರೆ ಎಸಿ ಪ್ರತಿಕ್ಷಣ ಹೊರಗಿನ 36 ಡಿಗ್ರಿ ಗಾಳಿಯನ್ನು ತಣಿಸಬೇಕು. ಆನ್ ಇದ್ದರೆ ಆಗಲೇ 26ಕ್ಕೆ ಬಂದಿರುವ ಗಾಳಿಯನ್ನು. ಹತ್ತಿದ ಕೂಡಲೇ ಮಾತ್ರ ಉಲ್ಟಾ ಮಾಡಬೇಕು. ಬಿಸಿಲಲ್ಲಿ ನಿಂತ ಕಾರಿನ ಒಳಗು ಹೊರಗಿಗಿಂತ ಇಪ್ಪತ್ತು ಡಿಗ್ರಿಗೂ ಜಾಸ್ತಿ ಕಾದಿರುತ್ತದೆ, ಅದರಲ್ಲಿ ಹೆಚ್ಚಿನದು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಆ ಗಾಳಿಯನ್ನು ಎಸಿಗೆ ತಿನ್ನಿಸೋದು ದಂಡ. ನಾಲ್ಕೂ ಕಿಟಕಿ ಇಳಿಸಿ ಬೀದಿ ತುದಿಯವರೆಗೆ ಓಡಿಸಿದರೆ ಪುಕ್ಕಟೆ ಹೊರಗೆ ಹೋಗುತ್ತದೆ. ದೂರದ ದಾರಿಯಲ್ಲಿ ಆಗಾಗ ಹೊರಗಿನ ಗಾಳಿಯನ್ನೂ ಬಿಟ್ಟುಕೊಳ್ಳಿ, ಮುಚ್ಚಿದ ಗಾಳಿಯಲ್ಲೇ ಗಂಟೆಗಟ್ಟಲೆ ಕೂತರೆ ತೂಕಡಿಕೆ ಬರುತ್ತದೆ.

ಗಾಜಿಗೆ ಕಪ್ಪು ಫಿಲ್ಮ್ ಹಾಕಿಸೋಣವಾ ಅಂತ ಭಾವ ಕೇಳಿದರು. 2012ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಗಾಜಿಗೆ ಫಿಲ್ಮ್ ಅಂಟಿಸಿದವರಿಗೆ ಪೊಲೀಸರು ದಂಡ ಹಾಕುತ್ತಾ ಬಂದಿದ್ದಾರೆ. ಕಾರ್ಖಾನೆಯಿಂದ ಬರುವ ಗಾಜಿನಲ್ಲೂ ಮುಂದೆ-ಹಿಂದೆ ಶೇಕಡಾ 70, ಪಕ್ಕದಲ್ಲಿ 50ರಷ್ಟು ಬೆಳಕು ದಾಟಲೇಬೇಕು ಅನ್ನೋದು ನಿಯಮ. ನಿಲ್ಲಿಸಿದಾಗ ಮುಂದಿನ ಗಾಜಿಗೆ ಅಡ್ಡ ಇಡುವ ಬೆಳ್ಳಿ ಬಣ್ಣದ ಹಾಳೆ ತಂದರು, ಅದಕ್ಕೆ ಯಾರ ತಕರಾರೂ ಇಲ್ಲ. ಕಂಡೆನ್ಸರ್ ಮೇಲೆ ಧೂಳು, ಹುಳು ಕಟ್ಟಿಕೊಂಡಿತ್ತು. ನೀರಿನಲ್ಲಿ ಮೆಲ್ಲಗೆ ತೊಳೆಸಿದೆವು. ಸಿಗ್ನಲ್‌ನಲ್ಲಿ ತಂಪು ಚೆನ್ನಾಗಾಯಿತು. ಮೈಲೇಜಿನಲ್ಲಿ ವ್ಯತ್ಯಾಸ ಹಿಡಿಯೋಕೆ ನಮ್ಮ ಅಳತೆ ಸಾಲಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಬೇಸಿಗೆಯಲ್ಲೇ ಬೆಂಗಳೂರಿನ ಒಟ್ಟು ಮೈಲೇಜ್ 12ರಿಂದ 12.5ರ ನಡುವೆ ನಿಂತಿತು. 15 ಬೇಕಾದರೆ ಎಸಿ ಪೂರ್ತಿ ಬಿಡಬೇಕು. ಹೊರವರ್ತುಲ ರಸ್ತೆಯ ಹೊಗೆಯಲ್ಲಿ ಕಿಟಕಿ ತೆಗೆದು ಕೂರಿ ಅಂತ ನಾನಂತೂ ಯಾರಿಗೂ ಹೇಳಲ್ಲ. ದಿನಕ್ಕೆ ಎರಡೂವರೆ ಗಂಟೆ ದಾರಿ, ಎಸಿಗೆ 70 ರೂಪಾಯಿ ಆಸುಪಾಸು. ಭಾವ ಅದನ್ನು ಕೊಡಲು ಒಪ್ಪಿದ್ದಾರೆ.

ಹೈವೇಯಲ್ಲಿ ಕಿಟಕಿಯೋ ಎಸಿಯೋ

ಇದೊಂದು ಮುಗಿಯದ ಜಗಳ. ಹೈವೇಯಲ್ಲಿ ಕಿಟಕಿ ತೆಗೆದರೆ ಗಾಳಿಯ ತಡೆ ಜಾಸ್ತಿಯಾಗಿ ಎಸಿಗಿಂತ ಹೆಚ್ಚು ಪೆಟ್ರೋಲ್ ಹೋಗುತ್ತದೆ ಅಂತ ಒಂದು ಮಾತಿದೆ. ಭಾವ ಅದನ್ನು ನಂಬಿದ್ದರು, ಅಕ್ಕ ನಂಬಿರಲಿಲ್ಲ. ಲೆಕ್ಕ ಹಾಕಿದೆ. ಇಂಥ ಕಾರಿಗೆ 80ರಲ್ಲಿ ಗಾಳಿಯನ್ನು ಸೀಳೋಕೆ ನಾಲ್ಕೂವರೆ ಕಿಲೋವ್ಯಾಟ್ ಬೇಕು. ಕಿಟಕಿ ತೆಗೆದಿದ್ದಕ್ಕೆ ಹತ್ತರಲ್ಲೊಂದು ಪಾಲು ಏರಿತು ಅಂತ ಇಟ್ಟುಕೊಂಡರೂ ಅರ್ಧ ಕಿಲೋವ್ಯಾಟ್ ಒಳಗೇ, ಎಸಿಗಿಂತ ಕಮ್ಮಿ. 100ರಲ್ಲಿ ಗಾಳಿಗೆ 9 ಕಿಲೋವ್ಯಾಟ್ ಬೇಕಾಗುತ್ತದೆ, ಆಗ ಎರಡೂ ಹತ್ತಿರ ಹತ್ತಿರ ಸಮ. ಅದಕ್ಕಿಂತ ಜೋರಾಗಿ ಹೋದರೆ ಎಸಿಯೇ ವಾಸಿ. ಎಂಬತ್ತರಲ್ಲಿ ಹೋಗುವ ಸಣ್ಣ ಕಾರಿನಲ್ಲಿ ಅಕ್ಕನ ಮಾತೇ ಸರಿ.

ಆದರೆ ದಾವಣಗೆರೆವರೆಗೆ ಎಸಿಯ ಒಟ್ಟು ಖರ್ಚೇ 120 ರೂಪಾಯಿ. ಕಿಟಕಿ ತೆಗೆದು ಹೋದರೆ ಅದರಲ್ಲಿ ಅರ್ಧ ಉಳಿಯಬಹುದು. 60 ರೂಪಾಯಿಗೆ ನಾಲ್ಕು ಗಂಟೆ ಲಾರಿ ಹೊಗೆ, ಗಾಳಿಯ ಗದ್ದಲ, ಹಿಂದೆ ಕೂತ ಮಗನ ಅಳು. ಮುಂದಿನ ಸಲ ಊರಿಗೆ ಹೊರಟಾಗ ತುಮಕೂರು ರಸ್ತೆಯ ಫ್ಲೈಓವರ್ ಹತ್ತುವ ಮೊದಲೇ ಅಕ್ಕ ಕಿಟಕಿ ಏರಿಸಿ ಎಸಿ ಹಾಕಿದಳು, ಲೆಕ್ಕ ಅವಳ ಕಡೆಗಿದ್ದರೂ.